ಎರಡನೇ ಸಾಲು, ಐದನೇ ಹಲಗೆ

ನನ್ನ ಅಂಗಡಿಗೆ ಬಂದು ಯಾರಾದರೂ ಬಿಳಿ ಬಣ್ಣ ಕೊಡಿ ಅಂದರೆ, ಯಾವ ಬಿಳಿ ಅಂತ ಕೇಳುತ್ತೇನೆ. ಅವರು ಮಿಕಿಮಿಕಿ ನೋಡುತ್ತಾರೆ. ಹಾಲಿನ ಬಿಳಿಯೋ, ಮೊಟ್ಟೆಚಿಪ್ಪಿನ ಬಿಳಿಯೋ, ಹಳೇ ಕಾಗದದ ಬಿಳಿಯೋ ಅಂತ ಡಬ್ಬಗಳನ್ನು ಸಾಲಾಗಿ ಮುಂದಿಡುತ್ತೇನೆ. ಬೂದುಬಣ್ಣ ಕೇಳಿದರಂತೂ ಮುಗಿಯಿತು, ಅರ್ಧ ಗಂಟೆ ಬಿಡುವುದಿಲ್ಲ. ಈ ಹೆಂಗಸಿಗೆ ಬೇರೆ ಕೆಲಸ ಇಲ್ಲವೇ ಎಂದು ಗೊಣಗಿಕೊಂಡು ಹೋದವರೂ ಇದ್ದಾರೆ. ಹೋಗಲಿ ಬಿಡಿ. ಬೂದುಬಣ್ಣದ ಮೇಲೆ ನನಗೆ ಮೂವತ್ತಾರು ವರ್ಷದ ಸಿಟ್ಟಿದೆ.

ಆ ಸಿಟ್ಟನ್ನು ಕಳೆದ ತಿಂಗಳು ಕೆದಕಿದವಳು ಗುಂಡುಪಿನ್ನು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಸಣಕಲು ಮೈ, ಅದರ ಮೇಲೊಂದು ದುಂಡು ತಲೆ, ಮಾತಾಡಿದರೆ ಚುಚ್ಚುವ ಬಾಯಿ. ಅಡ್ಡಹೆಸರು ತಾನಾಗಿ ಬಂದಿತ್ತು. ಈಗ ಅದೇ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹಳೆಯ ಹಾಲ್ ಕೆಡವುತ್ತಿದ್ದಾರಂತೆ, ಅಲ್ಲಿ ನಾವು ಬರೆದ ಹಲಗೆಗಳನ್ನು ಅವರವರು ಬಂದು ತೆಗೆದುಕೊಂಡು ಹೋಗಬೇಕಂತೆ ಎಂದು ಫೋನ್ ಮಾಡಿದಳು. ನನ್ನದು ನನಗೆ ಬೇಡ, ಒಲೆಗೆ ಹಾಕು ಅಂದೆ.

"ಮೊದಲು ಬಂದು ನೋಡು. ಆಮೇಲೆ ನೀನೇ ಹಾಕುವಿಯಂತೆ" ಅಂದಳು.

ನೋಡುವುದಕ್ಕೆ ಅದರಲ್ಲಿ ಏನಿದೆ? ಏನೂ ಇಲ್ಲ. ಅದೇ ತಾನೇ ನನ್ನ ಸಂಕಟ.

ನಮ್ಮ ಡ್ರಾಯಿಂಗ್ ಮೇಷ್ಟ್ರನ್ನು ರಬ್ಬರ್ ಮೇಷ್ಟ್ರು ಅನ್ನುತ್ತಿದ್ದೆವು. ಕ್ಲಾಸಿನ ಬಾಗಿಲಲ್ಲಿ ಒಂದು ಬಿಸ್ಕತ್ತಿನ ಡಬ್ಬ ಹಿಡಿದು ನಿಲ್ಲುತ್ತಿದ್ದರು. ಒಳಗೆ ಕಾಲಿಡುವ ಮೊದಲು ಎಲ್ಲರೂ ರಬ್ಬರನ್ನು ಅದರಲ್ಲಿ ಹಾಕಬೇಕು. ತಪ್ಪು ಗೆರೆ ಬಂದರೆ ಅಳಿಸುವಂತಿಲ್ಲ, ಅದು ಹಾಗೇ ಇರಲಿ, ಪಕ್ಕದಲ್ಲಿ ಸರಿಯಾದ ಗೆರೆ ಎಳೆಯಿರಿ ಎನ್ನುವುದು ಅವರ ಕಾನೂನು. ನಮ್ಮ ಚಿತ್ರಗಳಲ್ಲಿ ಪ್ರತಿ ಮನುಷ್ಯನಿಗೂ ಎರಡು ಮೂರು ಮೂಗಿರುತ್ತಿದ್ದವು. ಪರೀಕ್ಷೆಗೆ ಬಾರದ ವಿಷಯ ಅಂತ ಬೇರೆ ಮೇಷ್ಟ್ರುಗಳು ಆ ಪಿರಿಯಡ್ಡನ್ನು ಕಿತ್ತುಕೊಳ್ಳಲು ನೋಡಿದಾಗಲೆಲ್ಲ ಇವರು ಸ್ಟಾಫ್ ರೂಮಿನಲ್ಲಿ ಜಗಳವಾಡಿ ಉಳಿಸಿಕೊಳ್ಳುತ್ತಿದ್ದರು. ಟರ್ಪೆಂಟೈನಿನ ವಾಸನೆ, ಮುರಿದ ಕಾಲಿನ ಸ್ಟೂಲುಗಳು, ಉತ್ತರದ ಕಡೆಯ ಆ ದೊಡ್ಡ ಕಿಟಕಿ... ಈಗಲೂ ಅಂಗಡಿಯಲ್ಲಿ ಹೊಸ ಟರ್ಪೆಂಟೈನ್ ಡಬ್ಬ ತೆಗೆದರೆ ನನಗೆ ಹದಿನೈದು ವರ್ಷವಾಗುತ್ತದೆ. ಅಷ್ಟು ಸಂತೋಷವಾಗಿ ಆಮೇಲೆ ಎಲ್ಲೂ ಕೂತಿಲ್ಲ ನಾನು.

ಹತ್ತನೇ ಕ್ಲಾಸಿನಲ್ಲಿ ಡ್ರಾಯಿಂಗ್ ತೆಗೆದುಕೊಂಡವರು ಇಪ್ಪತ್ತನಾಲ್ಕು ಜನ. ಮೇಷ್ಟ್ರು ಒಂದು ದಿನ ಒಂದು ದೊಡ್ಡ ಕಪ್ಪುಬಿಳುಪು ಫೋಟೋವನ್ನು ಮಗುಚಿ ಮೇಜಿನ ಮೇಲಿಟ್ಟು, ನಮಗೆ ತೋರಿಸದೆ, ಬ್ಲೇಡಿನಲ್ಲಿ ಇಪ್ಪತ್ತನಾಲ್ಕು ಚೌಕ ಕತ್ತರಿಸಿದರು. ಕತ್ತರಿಸಿ ಮುಗಿಸುವಷ್ಟರಲ್ಲಿ ಯಾರೋ ಫ್ಯಾನ್ ಹಾಕಿದರು, ಚೂರುಗಳೆಲ್ಲ ಚೆಲ್ಲಾಪಿಲ್ಲಿ. ಅವನ್ನು ಆರಿಸಿಕೊಂಡು, ನಮ್ಮನ್ನು ಹೊರಗೆ ಕಳಿಸಿ, ಮತ್ತೆ ಜೋಡಿಸಿ, ಪ್ರತಿಯೊಂದರ ಬೆನ್ನಿಗೂ ನಂಬರ್ ಬರೆದು, ಯಾವ ಕಡೆ ಮೇಲೆ ಎಂದು ಕೆಂಪು ಪೆನ್ಸಿಲಿನಲ್ಲಿ ಬಾಣ ಹಾಕಿದರು. ಆಮೇಲೆ ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ಚೂರು ಕೊಟ್ಟರು.

ಕೆಲಸ ಇಷ್ಟು. ಮೂರು ಬೆರಳಗಲದ ಆ ಚೂರನ್ನು ಒಂದು ಮೊಳದ ಹಲಗೆಗೆ ದೊಡ್ಡದು ಮಾಡಬೇಕು. ಇಡೀ ಚಿತ್ರ ಏನೆಂದು ಕೇಳಬಾರದು. ನಮ್ಮ ಚೂರಿನಲ್ಲಿ ಇರುವಂಥದ್ದನ್ನು ನಮ್ಮ ಸುತ್ತಮುತ್ತ ಎಲ್ಲಾದರೂ ಹುಡುಕಿ, ಅದನ್ನು ದಿನಾ ನೋಡುತ್ತಾ ಬರೆಯಬೇಕು. ಕೊನೆಗೆ ಹಲಗೆಯ ಕೆಳಗೆ ಅಂಟಿಸುವ ಚೀಟಿಯಲ್ಲಿ ಒಂದೇ ಪ್ರಶ್ನೆ: ಇದನ್ನು ಎಲ್ಲಿ ಕಂಡೆ?

ಪ್ರದರ್ಶನದ ದಿನ ಕಲಾಶಾಲೆಯಿಂದ ಇಬ್ಬರು ಪರೀಕ್ಷಕರು ಬಂದು, ಹಲಗೆಗಳನ್ನೂ ಚೀಟಿಗಳನ್ನೂ ನೋಡಿ, ಒಬ್ಬರನ್ನು ಆರಿಸುತ್ತಾರೆ. ಆ ಒಬ್ಬರಿಗೆ ಕಲಾಶಾಲೆಯಲ್ಲಿ ನೇರ ಪ್ರವೇಶ, ಐದು ವರ್ಷ ಓದು ಪುಕ್ಕಟೆ. ಉಳಿದವರಿಗೆ ಆ ಬಾಗಿಲು ಮುಚ್ಚಿದಂತೆ. ಆ ಜಾಗ ನನ್ನದೇ ಎಂದು ನಾನು ಎಂಟನೇ ಕ್ಲಾಸಿನಿಂದ ಕನಸು ಕಟ್ಟಿಕೊಂಡು ಕೂತಿದ್ದೆ. ಗೆರೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ ಎಂಬ ಜಂಬವೂ ಇತ್ತು, ಸುಳ್ಳೇಕೆ.

ಗುಂಡುಪಿನ್ನಿಗೆ ಕಣ್ಣು ಬಂತು. ನಗುತ್ತಿರುವ, ಸುತ್ತ ಸುಕ್ಕುಗಟ್ಟಿದ ಒಂದು ಕಣ್ಣು. ಹಿಂದಿನ ಬೆಂಚಿನ ಹುಡುಗನಿಗೆ ಬಟ್ಟೆಯ ನೆರಿಗೆ ಬಂತು. ಒಬ್ಬಳಿಗೆ ಹೆಬ್ಬೆರಳು. ನನಗೆ? ಬೂದು. ಬರೀ ಬೂದು. ಒಂದು ಮೂಲೆಯಲ್ಲಿ ಏನೋ ಕೊಳೆ, ಇನ್ನೊಂದು ಕಡೆ ಕೂದಲೆಳೆಯಂಥ ಎರಡು ಗೀರು. ಮೈಯೆಲ್ಲ ಉರಿದುಹೋಯಿತು. ಬದಲಾಯಿಸಿಕೊಡಿ ಸಾರ್ ಎಂದು ಎರಡು ಸಲ ಕೇಳಿದೆ. ಚೂರಿನಲ್ಲಿ ಏನೂ ಇಲ್ಲ ಅಂದರೆ ಇನ್ನೂ ನೋಡಿಲ್ಲ ಅಂತ ಅರ್ಥ ಎಂದು ಹೇಳಿ ಅವರು ಡಬ್ಬದ ಮುಚ್ಚಳ ಹಾಕಿದರು.

ಮನೆಗೆ ಹೋಗಿ ಊಟ ಬೇಡ ಎಂದು ಗಂಟುಮುಖ ಹಾಕಿಕೊಂಡು ಕೂತೆ. ನಮ್ಮಪ್ಪ ಪೇಂಟರ್. ಚಿತ್ರ ಬರೆಯುವ ಪೇಂಟರ್ ಅಲ್ಲ, ಗೋಡೆಗೆ ಬಣ್ಣ ಬಳಿಯುವ ಪೇಂಟರ್. ಮೈಗೆಲ್ಲ ಡಿಸ್ಟೆಂಪರ್ ಚುಕ್ಕಿ ಹಾರಿಸಿಕೊಂಡು, ಹೆಗಲ ಮೇಲೆ ಏಣಿ ಹೊತ್ತುಕೊಂಡು ಸಂಜೆ ಬೀದಿಯಲ್ಲಿ ಬರುತ್ತಿದ್ದರೆ ನಾನು ಕಿಟಕಿಯ ಪರದೆ ಎಳೆಯುತ್ತಿದ್ದೆ. ಸ್ಕೂಲಿನಲ್ಲಿ ಅಪ್ಪ ಏನು ಮಾಡ್ತಾರೆ ಅಂದರೆ ಕಟ್ಟಡಗಳನ್ನ ನೋಡ್ಕೋತಾರೆ ಅನ್ನುತ್ತಿದ್ದೆ. ಕಲಾವಿದೆಯಾಗಲು ಹೊರಟವಳ ಅಪ್ಪ ಗೋಡೆಗೆ ಬಣ್ಣ ಬಳಿಯುತ್ತಾನೆ ಅಂದರೆ ಎಲ್ಲಿ ನಗುತ್ತಾರೋ ಅಂತ ಜೀವ ಹಿಡಿಯಾಗುತ್ತಿತ್ತು. ಎಂಥ ಕೊಬ್ಬು ನೋಡಿ.

ಭಾನುವಾರ ಬೆಳಿಗ್ಗೆ ಅಪ್ಪ ಆ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಜ್ಜನ ಭೂತಗನ್ನಡಿ ತಂದು, ನಾಡಿ ನೋಡುವವನ ಹಾಗೆ ಸುಮ್ಮನೆ ನೋಡುತ್ತಾ ಕೂತ.

"ಇದು ಖಾಲಿ ಅಂದವರು ಯಾರೇ? ಗೋಡೆ ಇದು" ಅಂದ. ಕೈಯಲ್ಲಿದ್ದದ್ದು ತೀರ ಚಿಕ್ಕ ಚೂರು, ಅವನು ಅದರ ಜಾತಕ ಹೇಳಿದ. ಎರಡು ಕೋಟ್ ಬಳಿದಿದ್ದಾರೆ, ಮೊದಲನೆಯದು ಒಣಗುವ ಮೊದಲೇ ಎರಡನೆಯದು ಬಳಿದಿದ್ದಾರೆ, ಅವಸರದವರು. ಬೆಳಕು ಪಕ್ಕದಿಂದ ಬೀಳುತ್ತಿದೆ. ನಾನು ಕೊಳೆ ಅಂದುಕೊಂಡದ್ದು ತಲೆಯ ಎಣ್ಣೆಜಿಡ್ಡು. ಯಾರೋ ದಿನಾ ಅದೇ ಜಾಗದಲ್ಲಿ ತಲೆ ಆನಿಸಿ ಕೂರುತ್ತಾರೆ, ಅದೂ ಒಂದೆರಡು ವರ್ಷದಿಂದಲ್ಲ. ಅಷ್ಟು ಹೇಳಿ ಚೂರನ್ನು ಮಗುಚಿ ಬಾಣ ನೋಡಿದ. ಹುಬ್ಬು ಗಂಟಾಯಿತು.

"ನಿಮ್ಮ ಮೇಷ್ಟ್ರು ಬಾಣ ತಪ್ಪು ಹಾಕಿದ್ದಾರೆ. ಈ ಎರಡು ಗೀರು ಇದೆಯಲ್ಲ, ಇದು ಬಣ್ಣ ಸುರಿದಿರೋದು. ಸುರಿದ ಬಣ್ಣ ಕೆಳಗಡೆ ತುದೀಲಿ ಮಣಿಯಾಗಿ ನಿಲ್ಲುತ್ತೆ. ಇವರ ಬಾಣದ ಪ್ರಕಾರ ಮಣಿ ಮೇಲಿದೆ. ಬಣ್ಣ ಮೇಲಕ್ಕೆ ಸುರಿಯೋಲ್ಲ ಕಣೆ. ಹೋಗಿ ಹೇಳು ಅವರಿಗೆ."

ಹೂಂ ಅಂದೆ.

ಆಮೇಲಿನ ಮೂರು ವಾರ ನನ್ನ ಬದುಕಿನ ಚಿನ್ನದಂಥ ದಿನಗಳು. ಆಗ ಅದು ಗೊತ್ತಾಗಲಿಲ್ಲ. ಅಪ್ಪ ಕೆಲಸ ಮುಗಿಸಿ ಬಂದವನು ಕೈಕಾಲು ತೊಳೆದು ನನ್ನ ಪಕ್ಕ ಕೂರುತ್ತಿದ್ದ. ಬೂದು ಮಾಡಲು ಕಪ್ಪು ಮುಟ್ಟಬೇಡ, ಕಪ್ಪು ಹಾಕಿದರೆ ಬೂದು ಸಾಯುತ್ತೆ, ನೀಲಿಗೆ ಕಾವಿ ಸೇರಿಸು ಅನ್ನುತ್ತಿದ್ದ. ಒದ್ದೆ ಬಣ್ಣವನ್ನು ನಂಬಬೇಡ ಅನ್ನುತ್ತಿದ್ದ. ಬಚ್ಚಲುಮನೆಯ ಹೊರಗೋಡೆಯ ಮೇಲೆ ಹನ್ನೊಂದು ಬೂದುಗಳನ್ನು ಬಳಿದು, ಒಂದೊಂದೂ ಒಣಗುವವರೆಗೆ ಕಾಯಿಸಿ, ಈಗ ನೋಡು ಎಂದು ತೋರಿಸಿದ. ಹನ್ನೊಂದೂ ಬೇರೆ ಬೇರೆ! ಗೋಡೆ ಹಾಳು ಮಾಡಿದಿರಿ ಅಂತ ಅಮ್ಮ ಇಬ್ಬರನ್ನೂ ಸೇರಿಸಿ ಬೈದಳು. ಎಣ್ಣೆಜಿಡ್ಡಿಗಾಗಿ ಅಪ್ಪ ತನ್ನ ತಲೆಯನ್ನೇ ಗೋಡೆಗೆ ಆನಿಸಿ ಕೂತು, ಇದನ್ನ ನೋಡಿ ಬರಿ ಅಂದ. ಅಂಥ ಗೋಡೆಯನ್ನು ನಾನು ಬರೆದೆ. ಕೈಯಿಟ್ಟರೆ ತಣ್ಣಗಿರಬೇಕು, ಹಾಗಿತ್ತು.

ಮಧ್ಯೆ ಒಂದು ದಿನ, ಮೇಷ್ಟ್ರಿಗೆ ಹೇಳಿದೆಯಾ ಅಂತ ಕೇಳಿದ. ಹೇಳಿದೆ ಅಂದೆ. ಏನಂದರು? ಬಾಣ ಸರಿಯಾಗೇ ಇದೆ ಅಂದರು ಅಂದೆ. ಅಪ್ಪ ಕುಂಚವನ್ನು ಡಬ್ಬಕ್ಕೆ ಹಾಕಿದ. ಹಾಗಾದರೆ ನನಗೇ ತಿಳೀಲಿಲ್ಲವೇನೋ, ಅವರು ಓದಿದವರು ಅಂದ.

ನಾನು ಹೇಳಿರಲೇ ಇಲ್ಲ. ಹೇಗೆ ಹೇಳಲಿ? ನಿನಗೆ ಹೇಗೆ ಗೊತ್ತಾಯಿತು ಅಂತ ಅವರು ಕೇಳುತ್ತಾರೆ. ಅಪ್ಪ ಹೇಳಿದ ಅನ್ನಬೇಕಾಗುತ್ತದೆ. ನಿಮ್ಮಪ್ಪನಿಗೆ ಹೇಗೆ ಗೊತ್ತು ಅನ್ನುತ್ತಾರೆ. ಅಲ್ಲಿಗೆ ಬಂದು ನನ್ನ ಬಾಯಿಗೆ ಬೀಗ ಬೀಳುತ್ತಿತ್ತು. ಅದೂ ಅಲ್ಲದೆ ಬರೀ ಬೂದುಬಣ್ಣ, ಹೇಗೆ ತೂಗುಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಹಲಗೆಯ ಬೆನ್ನಿಗೆ ಮೇಷ್ಟ್ರ ಬಾಣವನ್ನೇ ಹಾಕಿಸಿಕೊಂಡು ಕೊಟ್ಟುಬಿಟ್ಟೆ.

ಚೀಟಿ ಬರೆಯುವ ದಿನ ಕ್ಲಾಸಿನಲ್ಲಿ ದೊಡ್ಡ ದೊಡ್ಡ ಮಾತುಗಳು ಹುಟ್ಟಿಕೊಂಡವು. ಬಟ್ಟೆಯ ನೆರಿಗೆ ಬಂದಿದ್ದ ಹುಡುಗ ತಿಂಗಳಿಡೀ ಮಹಡಿಯ ಮೇಲೆ ಒಣಹಾಕಿದ ಬೆಡ್‌ಶೀಟ್ ನೋಡಿದವನು, 'ಸಮುದ್ರದ ಅಲೆಗಳು' ಅಂತ ಬರೆದ. ಗುಂಡುಪಿನ್ನು ಮಾತ್ರ, 'ನಮ್ಮ ಅಜ್ಜಿ ನಗುವಾಗ ಕಣ್ಣು ಹೀಗಾಗುತ್ತೆ' ಅಂತ ಬರೆದಳು. ಎಂಥ ಸಪ್ಪೆ ಉತ್ತರ ಅಂತ ಮೂಗು ಮುರಿದೆ. ನನ್ನ ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ: 'ನನ್ನ ಕಲ್ಪನೆ.'

ಪ್ರದರ್ಶನದ ದಿನ ಸ್ಕೂಲ್ ಹಾಲ್‌ನ ಗೋಡೆಯ ಮೇಲೆ ಪರದೆ ಸರಿಸಿದಾಗ ನಾವೆಲ್ಲ ಕಕ್ಕಾಬಿಕ್ಕಿ. ಅದು ಗಂಟೆಯಮ್ಮ! ನಮ್ಮ ಸ್ಕೂಲಿನ ಗಂಟೆ ಬಾರಿಸುತ್ತಿದ್ದ ಆಯಾ. ಇಪ್ಪತ್ತಾರು ವರ್ಷ ಅದೇ ಗಂಟೆಯ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತು, ಆ ವರ್ಷ ಕೆಲಸ ಬಿಡುತ್ತಿದ್ದವಳು. ದಿನಾ ಎಂಟು ಸಲ ಅವಳ ಗಂಟೆಗೆ ಎದ್ದು ಕೂತು ಮಾಡಿದವರು ನಾವು. ಅವಳ ಕಣ್ಣು, ಬೆರಳು, ಸೆರಗು ಕೈಯಲ್ಲಿಟ್ಟುಕೊಂಡು ತಿಂಗಳು ಕಳೆದರೂ ಒಬ್ಬರಿಗೂ ಗುರುತು ಸಿಕ್ಕಿರಲಿಲ್ಲ. ಅವಳು ಮುಂದೆ ಬಂದು, ನನ್ನ ಮೂಗು ಇಷ್ಟು ದಪ್ಪವೇ ಅಂತ ಕೇಳಿ ಎಲ್ಲರನ್ನೂ ನಗಿಸಿದಳು.

ನನ್ನ ಹಲಗೆ ಅವಳ ತಲೆಯ ಪಕ್ಕದ್ದು. ಎರಡನೇ ಸಾಲು, ಐದನೆಯದು. ಎಣ್ಣೆಯ ಗುರುತು ಅವಳ ತಲೆಯಿಂದ ದೂರ, ಮೇಲಿನ ಮೂಲೆಯಲ್ಲಿ, ಯಾವ ತಲೆಯೂ ತಲುಪದ ಜಾಗದಲ್ಲಿತ್ತು. ಪಕ್ಕದ ಹಲಗೆಯಿಂದ ಬಂದ ನೆರಳಿನ ಅಂಚು ನನ್ನ ಹಲಗೆಯ ಹತ್ತಿರ ಬಂದು ಕತ್ತರಿಸಿದಂತೆ ನಿಂತುಬಿಟ್ಟಿತ್ತು. ಬಣ್ಣ ಮೇಲಕ್ಕೆ ಸುರಿದಿತ್ತು.

ಪರೀಕ್ಷಕರು ಅಲ್ಲೇ ನಿಂತರು. ಕೈ ತುಂಬಾ ಚೆನ್ನಾಗಿದೆ, ಆದರೆ ಈ ಮಗು ಸುತ್ತಲಿನದನ್ನು ನೋಡದೆ ತನ್ನ ಪಾಡಿಗೆ ಏನೋ ಕಲ್ಪಿಸಿಕೊಂಡಿದೆ ಅಂದರು. ಚೀಟಿಯಲ್ಲೂ ಹಾಗೇ ಇದೆಯಲ್ಲ! ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಅಪ್ಪ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನಿಂದ ಎರಡು ಮಾರು ಹಿಂದೆ ನಿಂತು, ಗೋಡೆ ನೋಡುತ್ತಿದ್ದ. ಉಗುರಿನ ಸುತ್ತ ಬಣ್ಣ ಹಾಗೇ ಇತ್ತು. ಮೇಷ್ಟ್ರು ಅವನನ್ನು ನೋಡಿ, ಇವರು ಯಾರಮ್ಮ ಎಂದು ನನ್ನನ್ನು ಕೇಳಿದರು.

"ನಮ್ಮ ಮನೆ ಹತ್ತಿರದವರು ಸಾರ್" ಅಂದೆ.

ಕೇಳಿಸಿತೋ ಇಲ್ಲವೋ, ಅಪ್ಪ ಮೇಷ್ಟ್ರಿಗೆ ನಮಸ್ಕಾರ ಮಾಡಿ ಹೊರಗೆ ಹೋದ. ಕಲಾಶಾಲೆಯ ಜಾಗ ಗುಂಡುಪಿನ್ನಿಗೆ ಸಿಕ್ಕಿತು. ನಾನು ಕಾಮರ್ಸ್ ಓದಿದೆ, ಮದುವೆಯಾದೆ, ಗಂಡನ ಜೊತೆ ಬಣ್ಣದಂಗಡಿ ಇಟ್ಟೆ. ಆ ದಿನದ ಮಾತನ್ನು ಅಪ್ಪ ಯಾವತ್ತೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪೆಲ್ಲ ಆ ಹಾಳು ಬೂದುಬಣ್ಣದ್ದು ಅಂತ ಅದರ ತಲೆಗೆ ಕಟ್ಟಿ, ಸ್ಕೂಲಿನ ಬೀದಿಗೇ ಕಾಲಿಡದೆ ಮೂವತ್ತಾರು ವರ್ಷ ಕಳೆದೆ. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾನೆ. ಎಂಬತ್ತೆರಡು ಈಗ. ಸಂಜೆ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಣ್ಣ ಬೆರೆಸುವ ಮೆಷಿನ್ನಿಗೆ ಬುದ್ಧಿ ಹೇಳುತ್ತಾನೆ.

ಶನಿವಾರ ಹೋದೆ. ಹಾಲ್‌ನ ಕುರ್ಚಿಗಳನ್ನೆಲ್ಲ ಆಗಲೇ ಸಾಗಿಸಿದ್ದರು. ಗುಂಡುಪಿನ್ನು ಬಾಗಿಲಲ್ಲೇ ನಿಂತು, ಒಲೆಗೆ ಹಾಕೋಕೆ ಬಂದೆಯಾ ಅಂತ ಚುಚ್ಚಿದಳು. ತಲೆಯೆತ್ತಿ ನೋಡಿದೆ.

ಗಂಟೆಯಮ್ಮ ನಗುತ್ತಿದ್ದಳು. ಅವಳ ತಲೆಯ ಹಿಂದೆ, ಎಲ್ಲಿರಬೇಕೋ ಅಲ್ಲೇ, ಎಣ್ಣೆಯ ಗುರುತಿತ್ತು. ಇಪ್ಪತ್ತಾರು ವರ್ಷ ಒರಗಿ ಕೂತವಳು ಫೋಟೋ ತೆಗೆಸಿಕೊಳ್ಳಲು ಈಗಷ್ಟೇ ಮುಂದಕ್ಕೆ ಬಾಗಿದ್ದಾಳೆ ಅನ್ನಿಸುತ್ತಿತ್ತು. ನೆರಳಿನ ಅಂಚು ಪಕ್ಕದ ಹಲಗೆಯಿಂದ ಬಂದು ನನ್ನದರಲ್ಲಿ ಸರಾಗವಾಗಿ ಮುಂದುವರಿದಿತ್ತು. ಎರಡು ಗೀರುಗಳೂ ಕೆಳಕ್ಕೆ ಇಳಿದು ಮಣಿಯಾಗಿ ನಿಂತಿದ್ದವು. ನನ್ನ ಗೋಡೆ ಇರುವುದರಿಂದಲೇ ಅವಳು ಅಲ್ಲಿ ಕೂತಿದ್ದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಯಾರು ತಿರುಗಿಸಿದರು ಅಂತ ಕೇಳಿದರೆ ಗುಂಡುಪಿನ್ನು ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ನಿಮ್ಮಪ್ಪ ಕಣೆ. ನಾವು ಸ್ಕೂಲ್ ಬಿಟ್ಟ ಬೇಸಿಗೇಲಿ ಹಾಲ್‌ಗೆ ಬಣ್ಣ ಬಳಿಯೋಕೆ ಬಂದಿದ್ದರಂತೆ. ಹಲಗೆಗಳನ್ನೆಲ್ಲ ಇಳಿಸಿ ವಾಪಸ್ ಹಾಕುವಾಗ ನಿನ್ನದೊಂದನ್ನ ತಿರುಗಿಸಿ ಹಾಕಿದ್ದಾರೆ. ಯಾಕೆ ಅಂತ ಕೇಳಿದ್ದಕ್ಕೆ, ಇದು ನನ್ನ ಮಗಳು ಬರೆದದ್ದು ಅಂದರಂತೆ, ಮೇಷ್ಟ್ರೇ ನನಗೆ ಹೇಳಿದ್ದು. ನೀನೇ ಕಳಿಸಿದ್ದೆ ಅಂದುಕೊಂಡಿದ್ದೆನಲ್ಲೇ ಇಷ್ಟು ವರ್ಷ!"

ಹಲಗೆ ಇಳಿಸಿ ಬೆನ್ನು ನೋಡಿದೆವು. ಮೇಷ್ಟ್ರ ಹಳೆಯ ಕೆಂಪು ಬಾಣ ಹಾಗೇ ಇತ್ತು. ಅಳಿಸಿರಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಬಾಣ, ಎದುರು ದಿಕ್ಕಿಗೆ. ಅದರ ಕೆಳಗೆ ಅವರದೇ ಕೈಬರಹ: 'ತಪ್ಪು ನನ್ನದು. ನಾನು ನೋಡಲಿಲ್ಲ, ಪೇಂಟರ್ ನೋಡಿದರು.' ಮೇಷ್ಟ್ರು ತೀರಿಕೊಂಡು ಹನ್ನೆರಡು ವರ್ಷವಾಗಿದೆ. ಅವರೆದುರು ನಾನು ಹೇಳಬೇಕಿದ್ದ ಒಂದು ಮಾತು ಹಾಗೇ ಉಳಿಯಿತು.

ಮುಂದುಗಡೆ ಚೀಟಿಯೂ ಅಂಟಿಕೊಂಡೇ ಇತ್ತು. 'ನನ್ನ ಕಲ್ಪನೆ.' ಅಪ್ಪನಿಗೆ ಓದಲು ಬರುತ್ತದೆ. ಹಲಗೆ ಕೈಯಲ್ಲಿ ಹಿಡಿದವನು, ಅದನ್ನು ಕಿತ್ತು ಮತ್ತೆ ಕೆಳಗಡೆಗೆ ನೆಟ್ಟಗೆ ಅಂಟಿಸಿದವನು, ಓದದೆ ಇರುತ್ತಾನೆಯೇ? ಗುಂಡುಪಿನ್ನಿನ ಎದುರು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಒಂದು ಸಲವೂ ಚುಚ್ಚಲಿಲ್ಲ.

ಹಲಗೆಯನ್ನು ಅಂಗಡಿಗೆ ತಂದು, ಸೀರೆಯ ಸೆರಗಿನಿಂದ ಧೂಳು ಒರೆಸಿ, ಅಪ್ಪನ ಎದುರು ಕೌಂಟರಿಗೆ ಒರಗಿಸಿದೆ. ಅವನು ಕನ್ನಡಕ ಹಾಕಿಕೊಂಡು ನೋಡಿದ. ಕೈ ಚಾಚಿ ಹಲಗೆಯನ್ನು ತಿರುಗಿಸಿ ಇಟ್ಟ. ಗಡಿಬಿಡಿಯಲ್ಲಿ ನಾನು ತಲೆಕೆಳಗಾಗಿ ಇಟ್ಟಿದ್ದೆ.

"ಅಪ್ಪ, ಮೇಷ್ಟ್ರಿಗೆ ನಾನು ಹೇಳಲೇ ಇಲ್ಲ. ನಾಚಿಕೆಯಾಗಿತ್ತು ನನಗೆ, ನಿನ್ನ ಹೆಸರು ಹೇಳೋಕೆ" ಅಂದೆ.

"ಗೊತ್ತು."

"ಮತ್ತೆ ಒಂದು ಮಾತೂ ಬೈಯಲಿಲ್ಲವಲ್ಲ?"

ಅಪ್ಪ ಚೀಟಿಯ ಮೇಲೆ ಬೆರಳಾಡಿಸಿದ. "ಕಲ್ಪನೆ ಅಂತ ಬರೆದಿದ್ದೆಯಲ್ಲೇ ಸಿಡುಕಿ. ನಿನ್ನ ಕಲ್ಪನೇಲಿ ಬಣ್ಣ ಮೇಲಕ್ಕೇ ಸುರಿಯುತ್ತೇನೋ ಅಂತ ಸುಮ್ಮನಾದೆ" ಅಂದು, ಹಲ್ಲಿಲ್ಲದ ಬಾಯಲ್ಲಿ ಮೈ ಕುಲುಕಿಸಿ ನಕ್ಕ. ನಾನು ಅಳುತ್ತಲೇ ನಕ್ಕೆ. ಆಮೇಲೆ ಅವನು, ನೆರಳಿನ ಕಡೆ ಬೂದು ಒಂದು ಚೂರು ಹೆಚ್ಚು ನೀಲಿಯಾಯಿತು, ಆವತ್ತೇ ಹೇಳಬೇಕಿತ್ತು ಅಂದ.

ಹಲಗೆಯನ್ನು ಕೌಂಟರಿನ ಹಿಂದಿನ ಗೋಡೆಗೆ ಹಾಕಿದ್ದೇನೆ. ಚೀಟಿಯನ್ನು ಕೀಳಲಿಲ್ಲ, ಅಳಿಸಲೂ ಇಲ್ಲ. ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ, ಎಲ್ಲಿ ಕಂಡೆ ಎನ್ನುವುದಕ್ಕೆ ಸರಿಯಾದ ಉತ್ತರ ಬರೆದಿದ್ದೇನೆ.

ಮೊನ್ನೆ ಒಬ್ಬರು ಮನೆ ಕಟ್ಟಿಸುವವರು ಬಂದು ಬಿಳಿ ಬಣ್ಣ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿದ್ದ ಅಪ್ಪ, ಕಿಟಕಿ ಯಾವ ದಿಕ್ಕಿಗಿದೆ, ಗೋಡೆ ಒಣಗಿ ಎಷ್ಟು ದಿನವಾಯಿತು ಎಂದು ವಿಚಾರಣೆ ಶುರುಮಾಡಿದ. ಬಂದವರು ತಬ್ಬಿಬ್ಬಾಗಿ ನನ್ನ ಕಡೆ ತಿರುಗಿ, ಮೆಲ್ಲಗೆ, ಇವರು ಯಾರು ಎಂದು ಕೇಳಿದರು.

"ನಮ್ಮಪ್ಪ" ಅಂದೆ, ರಸ್ತೆಗೆ ಕೇಳಿಸುವ ಹಾಗೆ. "ಪೇಂಟರ್."

ಅಪ್ಪ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದ. ಆಮೇಲೆ ಅವರ ಕಡೆ ತಿರುಗಿ, ಯಾವ ಬಿಳಿ ಬೇಕು ಅಂತ ಕೇಳಿದ.